ಫೀಲ್ಡ್ ಕ್ಯಾಂಪಿನಲ್ಲಿ ಹೊಟ್ಟೆ ಕೆಟ್ಟರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಅಗ್ನಿವೀರ ತರಬೇತಿಗೆ ಸೇರಿದ ಹುಡುಗರು, ಎನ್‌ಸಿಸಿ ಕ್ಯಾಂಪಿಗೆ ಹೊರಟವರು, ಅವರ ಅಪ್ಪ ಅಮ್ಮಂದಿರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಹಾಕಿದೆ. ಅಂಗಾಲಿನ ಬೊಬ್ಬೆಯನ್ನು ಹುಡುಗರು ಫೋಟೋ ತೆಗೆದು ಊರಿಗೆಲ್ಲ ತೋರಿಸುತ್ತಾರೆ. ಹೊಟ್ಟೆ ಕೆಟ್ಟಿದ್ದನ್ನು ಮಾತ್ರ ಪಕ್ಕದ ಮಂಚದವನಿಗೂ ಹೇಳುವುದಿಲ್ಲ. ನಿಜವಾದ ತೊಂದರೆ ಶುರುವಾಗುವುದೇ ಅಲ್ಲಿಂದ. ಇಲ್ಲಿರುವುದು ಸಾಮಾನ್ಯ ತಿಳಿವಳಿಕೆ ಅಷ್ಟೇ. ಔಷಧಿಯ ವಿಷಯದಲ್ಲಿ ಎಂಐ ರೂಮಿನ (ಕ್ಯಾಂಪಿನ ಚಿಕಿತ್ಸಾ ಕೊಠಡಿಯ) ವೈದ್ಯರು ಹೇಳಿದ್ದನ್ನೇ ಕೇಳಿ.

ಮನೆಯಲ್ಲಿ ಕಲ್ಲು ತಿಂದು ಕರಗಿಸಿಕೊಳ್ಳುತ್ತಿದ್ದ ಹುಡುಗ. ಕ್ಯಾಂಪಿಗೆ ಹೋಗಿ ವಾರವಾಗಿಲ್ಲ, ಭೇದಿ ಅಂತಾನೆ. ಯಾಕೆ?

ಹೊಟ್ಟೆ ಎಷ್ಟು ಗಟ್ಟಿ ಅನ್ನುವುದಕ್ಕೂ ಇದಕ್ಕೂ ಸಂಬಂಧ ಕಡಿಮೆ. ಮನೆಯಲ್ಲಿ ನಾಲ್ಕು ಜನಕ್ಕೆ ಒಂದು ಒಲೆ. ಕ್ಯಾಂಪಿನಲ್ಲಿ ನೂರಿನ್ನೂರು ಜನಕ್ಕೆ ಒಂದೇ ಲಂಗರ್ (ಸಾಮೂಹಿಕ ಅಡುಗೆಮನೆ), ಒಂದೇ ನೀರಿನ ಟ್ಯಾಂಕರ್, ಸಾಲಾಗಿ ತೋಡಿದ ಕಕ್ಕಸು ಗುಂಡಿಗಳು. ಒಬ್ಬನ ಕರುಳಿನಲ್ಲಿದ್ದದ್ದು ಮಿಕ್ಕವರ ತಟ್ಟೆಗೆ ಬರಲು ಬಹಳ ದೂರ ನಡೆಯಬೇಕಿಲ್ಲ. ರಕ್ತಭೇದಿ ತರುವ ಶಿಗೆಲ್ಲಾ ಬ್ಯಾಕ್ಟೀರಿಯಾ ಹತ್ತರಿಂದ ನೂರು ಒಳಗೆ ಹೋದರೂ ರೋಗ ಹಿಡಿಯುತ್ತದೆ. ಉಗುರಿನ ಸಂದಿಯಲ್ಲಿ ಅದರ ನೂರು ಪಟ್ಟು ಕೂರಬಹುದು. ಮೇಲೆ ನಿದ್ದೆಗೆಟ್ಟ ಮೈ, ಹೊಸ ಊರಿನ ನೀರು, ಮಣ್ಣಿನಲ್ಲಿ ತೆವಳಿದ ಕೈಯಲ್ಲೇ ಪೂರಿ.

1990ರಲ್ಲಿ, ಕೊಲ್ಲಿ ಯುದ್ಧಕ್ಕೆ ಮುಂಚೆ, ಸೌದಿ ಮರುಭೂಮಿಯಲ್ಲಿ ಬೀಡುಬಿಟ್ಟಿದ್ದ ಅಮೆರಿಕದ ಸೈನಿಕರಲ್ಲಿ ಸುಮಾರು 2,000 ಜನರನ್ನು ವಿಚಾರಿಸಿದರು. ಶೇ 57ರಷ್ಟು ಜನ ಕನಿಷ್ಠ ಒಮ್ಮೆ ಭೇದಿಯಾಗಿತ್ತು ಎಂದರು. ಶೇ 20ರಷ್ಟು ಜನಕ್ಕೆ ಅದರಿಂದ ಸ್ವಲ್ಪ ಕಾಲ ಡ್ಯೂಟಿ ಮಾಡಲಾಗಲಿಲ್ಲ. ಆಗ ಮುಖ್ಯ ಅನುಮಾನ ಬಿದ್ದದ್ದು ಅಲ್ಲೇ ಸುತ್ತಮುತ್ತ ಕೊಂಡ ಹಸಿ ತರಕಾರಿಯ ಮೇಲೆ. ಅಷ್ಟು ದುಡ್ಡು, ಅಷ್ಟು ವ್ಯವಸ್ಥೆ ಇದ್ದವರ ಕಥೆಯೇ ಹಾಗಾಯಿತು. ಆದ್ದರಿಂದ ನಿಮ್ಮ ಹುಡುಗ ನಾಚಿಕೊಳ್ಳಬೇಕಾದ್ದು ಇಲ್ಲಿ ಏನೂ ಇಲ್ಲ.

ಊಟದಿಂದ ಬಂದದ್ದೋ ನೀರಿನಿಂದಲೋ, ಹೇಗೆ ಗೊತ್ತಾಗುತ್ತದೆ?

ಖಚಿತವಾಗಿ ಹೇಳುವುದು ಮಲ ಪರೀಕ್ಷೆಯೇ. ಆದರೆ ಗಡಿಯಾರ ಅರ್ಧ ಗುಟ್ಟು ಬಿಟ್ಟುಕೊಡುತ್ತದೆ. ಅನುಭವವಿರುವ ವೈದ್ಯರು ಮೊದಲು ಕೇಳುವುದು "ಏನು ತಿಂದೆ" ಎಂದಲ್ಲ, "ಎಷ್ಟು ಹೊತ್ತಿಗೆ ಶುರುವಾಯಿತು, ಜೊತೆಯಲ್ಲಿ ಎಷ್ಟು ಜನಕ್ಕೆ" ಎಂದು.

ಊಟವಾಗಿ ಒಂದರಿಂದ ಆರು ಗಂಟೆಯೊಳಗೆ ಒಂದೇ ಸಲ ಹಲವರು ವಾಂತಿಗೆ ಓಡಿದರೆ ಅದು ಆಹಾರದಲ್ಲಿ ಮೊದಲೇ ತಯಾರಾಗಿ ಕುಳಿತಿದ್ದ ವಿಷ. ಅಡುಗೆಯವನ ಕೈಗಾಯದಿಂದ ಇಳಿದ ಸ್ಟ್ಯಾಫಿಲೋಕಾಕಸ್ ಆಗಿರಬಹುದು, ಬೆಳಿಗ್ಗೆ ಮಾಡಿ ಸೆಕೆಯಲ್ಲಿ ಮುಚ್ಚಿಟ್ಟ ಅನ್ನದಲ್ಲಿ ಬೆಳೆದ ಬ್ಯಾಸಿಲಸ್ ಸೀರಿಯಸ್ ಆಗಿರಬಹುದು. ಈ ವಿಷಗಳು ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. "ಕುದಿಸಿ ಬಡಿಸಿದ್ದೇವೆ ಸಾರ್" ಎಂಬ ಲಂಗರಿನ ಸಮಜಾಯಿಷಿ ಇಲ್ಲಿ ನಡೆಯುವುದಿಲ್ಲ.

ರಾತ್ರಿ ಮಾಂಸದೂಟ, ಮರುದಿನ ಬೆಳಗಿನ ಜಾವ ಹೊಟ್ಟೆ ನುಲಿದು ಭೇದಿ, ವಾಂತಿ ಇಲ್ಲ, ಜ್ವರ ಇಲ್ಲ ಎಂದಾದರೆ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಇರಬಹುದು. ಇದು ದೊಡ್ಡ ಪಾತೇಲಿಯ ಕಾಯಿಲೆ. ಐವತ್ತು ಲೀಟರಿನ ಸಾರು ಮೇಲೆ ತಣ್ಣಗಾದಂತೆ ಕಂಡರೂ ನಡುವೆ ಗಂಟೆಗಟ್ಟಲೆ ಬೆಚ್ಚಗೇ ಇರುತ್ತದೆ. ಕುದಿಗೂ ಸಾಯದ ಬೀಜಾಣುಗಳು ಆ ಬೆಚ್ಚನೆಯಲ್ಲಿ ಮೊಳೆಯುತ್ತವೆ. ಹನ್ನೆರಡರಿಂದ ನಲವತ್ತೆಂಟು ಗಂಟೆಯಲ್ಲಿ ವಾಂತಿ, ಭೇದಿ ಎರಡೂ ಶುರುವಾಗಿ ಡೇರೆಯಿಂದ ಡೇರೆಗೆ ಹಬ್ಬಿದರೆ ನೊರೊವೈರಸ್ ಮೇಲೆ ಅನುಮಾನ. ಒಂದರಿಂದ ಮೂರು ದಿನದಲ್ಲಿ ಜ್ವರ, ಮಲದಲ್ಲಿ ರಕ್ತ, ಹೋದರೂ ಮತ್ತೆ ಹೋಗಬೇಕೆನ್ನಿಸುವ ಮುಕ್ಕುವಿಕೆ ಬಂದರೆ ಶಿಗೆಲ್ಲಾ. ಅರೆಬೆಂದ ಕೋಳಿ ತಿಂದು ಎರಡರಿಂದ ಐದು ದಿನಕ್ಕೆ ಬಂದದ್ದು ಕ್ಯಾಂಪಿಲೋಬ್ಯಾಕ್ಟರ್ ಇರಬಹುದು. ಕ್ಯಾಂಪ್ ಮುಗಿದು ಬ್ಯಾರಕ್ಕಿಗೆ ಬಂದು ವಾರ, ಹದಿನೈದು ದಿನವಾದ ಮೇಲೆ ಕೊಳೆತ ಮೊಟ್ಟೆಯ ವಾಸನೆಯ ತೇಗು, ಜಿಡ್ಡು ಜಿಡ್ಡು ಮಲ ಎಂದರೆ ಜಿಯಾರ್ಡಿಯಾ ಎಂಬ ಪರಾವಲಂಬಿ ಜೀವಿ. ಕುಡಿದ ತೊರೆಯ ನೀರನ್ನು ಆತ ಅಷ್ಟರಲ್ಲಿ ಮರೆತಿರುತ್ತಾನೆ.

ಸಿಕ್ ರಿಪೋರ್ಟ್ ಮಾಡಿದರೆ ರಿಲಿಗೇಟ್ ಮಾಡುತ್ತಾರಂತೆ. ಎರಡು ದಿನ ತಡೆದುಕೊಂಡರೆ ಆಗದೇ?

ಈ ಪುಟ ಬರೆಯಲು ಕಾರಣವೇ ಈ ಪ್ರಶ್ನೆ.

ಮೊದಲು ಭಯದ ಮಾತು. ಕೆಳಗಿನ ಬ್ಯಾಚಿಗೆ ಇಳಿಸುವುದು ತಾಲೀಮಿನ ದಿನಗಳು ಬಹಳ ತಪ್ಪಿದಾಗ. ಸಾಮಾನ್ಯ ಭೇದಿ ಮೂರು ದಿನದ ಮಾತು. ಮೊದಲ ದಿನವೇ ಎಂಐ ರೂಮಿಗೆ ಹೋದವನು ನಾಲ್ಕನೇ ದಿನ ಮೈದಾನದಲ್ಲಿರುತ್ತಾನೆ. ಮುಚ್ಚಿಟ್ಟು ಮೂರನೇ ದಿನ ಕುಸಿದವನು ಆಸ್ಪತ್ರೆ ಸೇರಿ ವಾರಗಟ್ಟಲೆ ಕಳೆದುಕೊಳ್ಳುತ್ತಾನೆ. ರಿಲಿಗೇಶನ್ನಿಗೆ ಹೆದರಿ ಹಿಡಿದ ದಾರಿಯೇ ನೇರವಾಗಿ ರಿಲಿಗೇಶನ್ನಿಗೆ ಒಯ್ಯುತ್ತದೆ.

ಇನ್ನು ಮೈಯ ಲೆಕ್ಕ. ಅರವತ್ತು ಕೆಜಿಯ ಹುಡುಗನಿಗೆ ನಾಲ್ಕೈದು ಸಲ ನೀರಾಗಿ ಭೇದಿಯಾದರೆ ಲೀಟರಿನ ಮೇಲೆ ನೀರು ಹೋಗಿಯೇ ಇರುತ್ತದೆ. ಅದೇ ಸ್ಥಿತಿಯಲ್ಲಿ ಪಿಟ್ಟು (ಸಾಮಾನು ತುಂಬಿದ ಚೀಲ) ಬೆನ್ನಿಗೆ ಹಾಕಿ, ರೈಫಲ್ ಹಿಡಿದು, ಬಿಸಿಲಿನಲ್ಲಿ ಓಡಿದರೆ ಗಂಟೆಗೆ ಇನ್ನೊಂದು ಲೀಟರ್ ಬೆವರು. ರಕ್ತದಲ್ಲಿ ನೀರು ಕಡಿಮೆಯಾದಂತೆ ಚರ್ಮಕ್ಕೆ ಹರಿಯುವ ರಕ್ತ ಕಡಿಮೆಯಾಗುತ್ತದೆ, ಬೆವರು ನಿಲ್ಲುವತ್ತ ಹೋಗುತ್ತದೆ, ಒಳಗಿನ ಕಾವು ಹೊರಗೆ ಬರುವುದಿಲ್ಲ. ದೇಹದ ಒಳತಾಪ 40 ಡಿಗ್ರಿ ಸೆಲ್ಸಿಯಸ್ ದಾಟಿ ತಲೆ ತಿರುಗಿ, ಮಾತು ತೊದಲಿ ಬಿದ್ದನೆಂದರೆ ಅದು ಹೀಟ್ ಸ್ಟ್ರೋಕ್. ಆಗ ಕುಗ್ಗುವುದು ಮೂತ್ರಪಿಂಡ, ಯಕೃತ್ತು. ಕೆಲವೊಮ್ಮೆ ಪ್ರಾಣವೇ ಹೋಗುತ್ತದೆ. ಭೇದಿಯಿಂದ ಜವಾನರು ಸಾಯುವುದು ಈಗ ಬಹಳ ಅಪರೂಪ. ಆದರೆ ಭೇದಿಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಓಡುವುದು ಬೇರೆಯೇ ಅಪಾಯ.

ಮೂರನೆಯದು, ಜೊತೆಗಾರರು. ಮುಚ್ಚಿಟ್ಟವನು ಅದೇ ಕೈಯಲ್ಲಿ ರೊಟ್ಟಿ ಹಂಚುತ್ತಾನೆ, ಅದೇ ಮಗ್ಗು ಡ್ರಮ್ಮಿಗೆ ಅದ್ದುತ್ತಾನೆ. "ನನ್ನ ಹೊಟ್ಟೆ, ನಾನು ನೋಡಿಕೊಳ್ತೀನಿ" ಎಂಬುದು ಕ್ಯಾಂಪಿನಲ್ಲಿ ಸುಳ್ಳು.

ಉಸ್ತಾದರ, ಅಂದರೆ ತರಬೇತುದಾರರ, ಹತ್ತಿರ ಹೇಳುವುದು ಹೇಗೆಂದು ಹಲವರಿಗೆ ತಿಳಿಯುವುದಿಲ್ಲ. ಸುತ್ತಿ ಬಳಸಬೇಡಿ. "ಉಸ್ತಾದ್, ರಾತ್ರಿಯಿಂದ ಐದು ಸಲ ಲ್ಯಾಟ್ರಿನ್ನಿಗೆ ಹೋಗಿದ್ದೇನೆ, ರಕ್ತ ಇಲ್ಲ, ಜ್ವರ ಇದೆ" ಎಂದು ಲೆಕ್ಕ ಒಪ್ಪಿಸಿ. "ತಬಿಯತ್ ಸರಿ ಇಲ್ಲ" ಎಂದರೆ ನೆಪ ಅನ್ನಿಸುತ್ತದೆ. ಎಷ್ಟು ಸಲ ಎಂದು ಹೇಳಿದರೆ ಅನ್ನಿಸುವುದಿಲ್ಲ. ಇನ್ನು ಭೇದಿಯಾದವನನ್ನು ಎಲ್ಲರೆದುರು ಗೇಲಿ ಮಾಡುವ ತರಬೇತುದಾರರೂ ಇದ್ದಾರೆ. ಅವರಿಗೂ ಒಂದು ಮಾತು: ಆ ನಗೆಯ ಮಾರನೇ ದಿನ ಹತ್ತು ಹುಡುಗರು ಬಾಯಿ ಮುಚ್ಚಿಕೊಳ್ಳುತ್ತಾರೆ, ಆ ವಾರದ ಕೊನೆಗೆ ಇಡೀ ಪ್ಲಟೂನು ಮಲಗಿರುತ್ತದೆ.

ಲಂಗರಿನಲ್ಲಿ ಕೆಲಸ ಮಾಡುವವನಿಗೇ ಭೇದಿಯಾದರೆ?

ಕೂಡಲೇ ಅಡುಗೆಯಿಂದ ದೂರ. ಭೇದಿ, ವಾಂತಿ ನಿಂತ ಮೇಲೂ 48 ಗಂಟೆ ಪಾತ್ರೆ ಮುಟ್ಟಕೂಡದು. ನೊರೊವೈರಸ್ ಆದರೆ ಗುಣವಾದ ಮೇಲೂ ಎರಡು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ ಮಲದಲ್ಲಿ ಹೋಗುತ್ತಿರುತ್ತದೆ. ಆದ್ದರಿಂದ ಮರಳಿದ ಮೇಲೆ ಸೋಪಿನ ಕೈತೊಳೆತ ಇನ್ನೂ ಕಟ್ಟುನಿಟ್ಟು. ತರಕಾರಿ ಹೆಚ್ಚಲು ಸರದಿಯ ಮೇಲೆ ಬರುವ ರಿಕ್ರೂಟುಗಳಿಗೂ ಇದೇ ನಿಯಮ. ಅವರನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ.

ನೀರು ಆಸ್ಪತ್ರೆ ವಾಸನೆ ಹೊಡೆಯುತ್ತದೆ. ಪಕ್ಕದಲ್ಲೇ ಸ್ಫಟಿಕದಂಥ ತೊರೆ ಇದೆ. ಅದನ್ನು ಕುಡಿಯಬಾರದೇ?

ಬಾರದು. ಆ ವಾಸನೆಯೇ ನಿಮಗೆ ಸಿಕ್ಕ ಖಾತರಿ. ಕ್ಲೋರಿನ್ ಹಾಕಿ ಅರ್ಧ ಗಂಟೆಯಾದ ಮೇಲೂ ಲೀಟರಿಗೆ 0.5 ಮಿಲಿಗ್ರಾಂ ಉಳಿದಿರಬೇಕು ಎಂಬುದು ಸಾಮಾನ್ಯ ಅಳತೆ. ಉಳಿದಿದ್ದರೆ, ಹಾಕಿದ್ದು ಕೊಳೆಯನ್ನು ಸುಟ್ಟು ಮಿಕ್ಕಿದೆ ಎಂದರ್ಥ.

ಎಷ್ಟು ಹಾಕಬೇಕು ಎಂದು ಕಂಡುಹಿಡಿಯುವ ಒಂದು ಹಳೆಯ ಪೆಟ್ಟಿಗೆ ಇದೆ. ಬ್ರಿಟಿಷ್ ಸೈನ್ಯದ ವೈದ್ಯ ವಿಲಿಯಂ ಹೊರಾಕ್ಸ್ ಹೆಸರಿನದು, ನಮ್ಮ ವೈದ್ಯಕೀಯ ವಿದ್ಯಾರ್ಥಿಗಳು ಈಗಲೂ ಅದನ್ನು ಕಲಿಯುತ್ತಾರೆ. ಆರು ಬಿಳಿ ಬಟ್ಟಲು, ಒಂದು ಕಪ್ಪು ಬಟ್ಟಲು. ಕಪ್ಪಿನಲ್ಲಿ ಬ್ಲೀಚಿಂಗ್ ಪುಡಿ ಕದಡಿ, ಬಿಳಿ ಬಟ್ಟಲುಗಳಲ್ಲಿ ಪರೀಕ್ಷೆಯ ನೀರು ತುಂಬಿ, ಮೊದಲನೆಯದಕ್ಕೆ ಒಂದು ಹನಿ, ಎರಡನೆಯದಕ್ಕೆ ಎರಡು, ಹೀಗೆ ಆರರವರೆಗೆ ಹಾಕುತ್ತಾರೆ. ಅರ್ಧ ಗಂಟೆ ಬಿಟ್ಟು ಪಿಷ್ಟ ಬೆರೆಸಿದ ಅಯೋಡೈಡ್ ದ್ರಾವಣದ ಕೆಲವು ಹನಿ. ಕ್ಲೋರಿನ್ ಉಳಿದಿದ್ದರೆ ನೀರು ನೀಲಿಯಾಗುತ್ತದೆ. ನೀಲಿ ಬಣ್ಣ ಮೊದಲು ಕಾಣುವುದು ಮೂರನೇ ಬಟ್ಟಲಿನಲ್ಲಾದರೆ 455 ಲೀಟರಿಗೆ ಆರು ಗ್ರಾಂ ಪುಡಿ, ನಾಲ್ಕನೆಯದರಲ್ಲಾದರೆ ಎಂಟು. ವಿದ್ಯುತ್ತು ಬೇಡ, ಯಂತ್ರ ಬೇಡ. ಕಾಡಿನ ನಡುವೆ ಮರದ ಕೆಳಗೆ ಕೂತು ಮಾಡಬಹುದು.

ಬಾಟಲಿಗೆ ಗುಳಿಗೆ ಹಾಕಿಕೊಳ್ಳುವವರು ಎರಡು ತಪ್ಪು ಮಾಡುತ್ತಾರೆ. ಕದಡಿದ ನೀರನ್ನು ಬಟ್ಟೆಯಲ್ಲಿ ಸೋಸದೆ ಗುಳಿಗೆ ಹಾಕುವುದು ಒಂದು, ಹಾಕಿದ ಐದೇ ನಿಮಿಷಕ್ಕೆ ಕುಡಿಯುವುದು ಇನ್ನೊಂದು. ಜಿಯಾರ್ಡಿಯಾ ಕ್ಲೋರಿನ್ನಿಗೆ ಬೇಗ ಜಗ್ಗುವುದಿಲ್ಲ, ಅಂಥದೇ ಇನ್ನೊಂದು ಪರಾವಲಂಬಿ ಕ್ರಿಪ್ಟೊಸ್ಪೊರಿಡಿಯಂ ಜಗ್ಗುವುದೇ ಇಲ್ಲ. ಕುದಿಸುವ ಅವಕಾಶವಿದ್ದರೆ ಕುದಿಸಿದ್ದೇ ಲೇಸು: ಕೊತಕೊತ ಒಂದು ನಿಮಿಷ, ಎರಡು ಸಾವಿರ ಮೀಟರಿಗಿಂತ ಎತ್ತರದ ಜಾಗದಲ್ಲಿ ಮೂರು ನಿಮಿಷ.

ಕಕ್ಕಸು ಗುಂಡಿಗೆ ಪ್ರತಿ ಸಲ ಮಣ್ಣು ಮುಚ್ಚು ಅಂತ ಜೀವ ತಿನ್ನುತ್ತಾರೆ. ಅಷ್ಟು ಮುಖ್ಯವೇ?

1898ರಲ್ಲಿ ಅಮೆರಿಕ ಕ್ಯೂಬಾದ ನೆಪದಲ್ಲಿ ಸ್ಪೇನಿನ ಮೇಲೆ ಯುದ್ಧ ಸಾರಿತು. ಲಕ್ಷಗಟ್ಟಲೆ ಸ್ವಯಂಸೇವಕರು ಸೇರಿದರು, ಜಾರ್ಜಿಯಾದ ಚಿಕಮಾಗಾದಂಥ ಜಾಗಗಳಲ್ಲಿ ತರಬೇತಿ ಶಿಬಿರ ಎದ್ದವು. ಎಷ್ಟೋ ಹುಡುಗರು ಕ್ಯೂಬಾ ನೋಡಲೇ ಇಲ್ಲ. ಶಿಬಿರಗಳಲ್ಲಿ 20,738 ಜನಕ್ಕೆ ಟೈಫಾಯ್ಡ್ ತಗುಲಿ 1,590 ಜನ ಸತ್ತರು. ಶತ್ರುವಿನ ಗುಂಡಿಗೆ ಬಲಿಯಾದವರಿಗಿಂತ ಹಲವು ಪಟ್ಟು. ವಾಲ್ಟರ್ ರೀಡ್, ವಿಕ್ಟರ್ ವಾನ್, ಎಡ್ವರ್ಡ್ ಶೇಕ್ಸ್‌ಪಿಯರ್ ಎಂಬ ಮೂವರು ವೈದ್ಯರ ಮಂಡಳಿ ಕಾರಣ ಹುಡುಕಲು ಹೊರಟಿತು. ಶಿಬಿರದ ವೈದ್ಯರು ಅರ್ಧದಷ್ಟು ರೋಗಿಗಳಿಗೆ ಮಲೇರಿಯಾ ಎಂದೋ ಇನ್ನೊಂದೋ ಬರೆದು ಕೈತೊಳೆದುಕೊಂಡಿದ್ದರು. ಮಂಡಳಿ ಕಂಡದ್ದು ಇದು: ತೆರೆದ ಗುಂಡಿಗಳಿಗೆ ಸುಣ್ಣ ಎರಚಿದ್ದರು, ಊಟದ ಮೇಲೆ ನಡೆಯುತ್ತಿದ್ದ ನೊಣಗಳ ಕಾಲು ಸುಣ್ಣದಿಂದ ಬೆಳ್ಳಗಿದ್ದವು. ಗುಂಡಿಯಿಂದ ತಟ್ಟೆಗೆ ದಾರಿ ಯಾವುದು ಎಂದು ನೊಣಗಳೇ ತೋರಿಸಿಕೊಟ್ಟಿದ್ದವು.

ತೊಂಬತ್ತು ವರ್ಷದ ನಂತರ ಇಸ್ರೇಲಿನ ಸೇನಾ ಶಿಬಿರಗಳಲ್ಲಿ ಇದನ್ನೇ ಅಳೆದು ನೋಡಿದರು. ಆಮಿಷದ ಬೋನು ಇಟ್ಟು ನೊಣ ಕಡಿಮೆ ಮಾಡಿದ ಕಡೆ ಭೇದಿಯೆಂದು ಬಂದವರು ಶೇ 42ರಷ್ಟು, ಶಿಗೆಲ್ಲಾ ರೋಗಿಗಳು ಶೇ 85ರಷ್ಟು ಇಳಿದರು. ಔಷಧಿಯಿಂದಲ್ಲ, ಲಸಿಕೆಯಿಂದಲ್ಲ, ನೊಣ ಹಿಡಿದದ್ದರಿಂದ!

ಸೆಕೆಗಾಲದಲ್ಲಿ ಮೊಟ್ಟೆ ನೊಣವಾಗಲು ವಾರ, ಹತ್ತು ದಿನ ಸಾಕು. ಹೆಚ್ಚುಕಡಿಮೆ ಒಂದು ಕ್ಯಾಂಪಿನ ಅವಧಿ. ಆದ್ದರಿಂದ ಒಂದು ಸಲಿಕೆ ಮಣ್ಣು ಎಳೆಯುವುದು ಶಿಸ್ತಿನ ಶಿಕ್ಷೆಯಲ್ಲ. ಗುಂಡಿ ಲಂಗರಿನಿಂದ ನೂರು ಮೀಟರ್, ನೀರಿನ ಮೂಲದಿಂದ ಮೂವತ್ತು ಮೀಟರ್ ದೂರ, ಇಳಿಜಾರಿನ ಕೆಳಗೆ ಇರಬೇಕು. ರಾತ್ರಿ ಕತ್ತಲಲ್ಲಿ ಅಷ್ಟು ದೂರ ಯಾರು ಹೋಗುತ್ತಾರೆಂದು ಡೇರೆಯ ಹಿಂದೆಯೇ ಕೂರುವ ಮಹಾಶಯ ಪ್ರತಿ ಕ್ಯಾಂಪಿನಲ್ಲೂ ಒಬ್ಬನಿರುತ್ತಾನೆ. ಆ ದಾರಿಯಲ್ಲಿ ಒಂದು ಲಾಟೀನು ಕಟ್ಟಿದರೆ ಅರ್ಧ ಸಮಸ್ಯೆ ಮುಗಿಯಿತು.

ಜೇಬಿನಲ್ಲಿ ಸ್ಯಾನಿಟೈಸರ್ ಇದೆ. ಸಾಕಲ್ಲವೇ?

ಸಾಲದು. ನೊರೊವೈರಸ್ಸಿಗೆ ಆಲ್ಕೋಹಾಲ್ ಅಷ್ಟಾಗಿ ತಾಗುವುದಿಲ್ಲ. ಮಣ್ಣು ಮೆತ್ತಿದ ಕೈಗೆ ಅದು ಯಾವುದಕ್ಕೂ ಬಾರದು. ಸೋಪು, ಸುರಿಯುವ ನೀರು, ಇಪ್ಪತ್ತು ಸೆಕೆಂಡು. 2002ರಲ್ಲಿ ಅಫ್ಘಾನಿಸ್ತಾನದ ಬಗ್ರಾಮಿನಲ್ಲಿ ಬ್ರಿಟಿಷ್ ಸೇನೆಯ ಫೀಲ್ಡ್ ಆಸ್ಪತ್ರೆಯ ಸಿಬ್ಬಂದಿಯನ್ನೇ ನೊರೊವೈರಸ್ ಕೆಡವಿತು. 2018ರಲ್ಲಿ ದಕ್ಷಿಣ ಕೊರಿಯಾದ ಚಳಿಗಾಲದ ಒಲಿಂಪಿಕ್ಸಿನಲ್ಲಿ ಭದ್ರತಾ ಕಾವಲುಗಾರರಿಗೆ ಅದು ಹಬ್ಬಿ, 1,200 ಜನರನ್ನು ಕೆಲಸದಿಂದ ಹಿಂದಕ್ಕೆ ಕರೆಸಿ 900 ಸೈನಿಕರನ್ನು ನಿಲ್ಲಿಸಬೇಕಾಯಿತು.

ಓಆರ್‌ಎಸ್ ಎಷ್ಟು ಕುಡಿಯಬೇಕು? ಪೊಟ್ಟಣ ಇಲ್ಲದಿದ್ದರೆ?

ದೊಡ್ಡ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ಶುದ್ಧ ನೀರಿಗೇ ಹಾಕಬೇಕು. ಅರ್ಧ ಬಾಟಲಿಗೆ ಇಡೀ ಪೊಟ್ಟಣ ಸುರಿದು "ಸ್ಟ್ರಾಂಗ್" ಮಾಡಿಕೊಂಡರೆ ಭೇದಿ ಹೆಚ್ಚುತ್ತದೆ. ಪ್ರತಿ ಸಲ ಹೋದ ಮೇಲೆ ಒಂದೆರಡು ಲೋಟ, ವಾಂತಿಯಿದ್ದರೆ ಗುಟುಕು ಗುಟುಕಾಗಿ. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಆ ನೀರು ಕಣ್ಣೀರಿಗಿಂತ ಹೆಚ್ಚು ಉಪ್ಪಾಗಬಾರದು. ಅಂಗಡಿಯ ಬಣ್ಣದ ಸಿಹಿ ಪಾನೀಯ ಇದಕ್ಕೆ ಬದಲಿಯಲ್ಲ.

ಇಷ್ಟು ಸರಳವಾದದ್ದು ಕೆಲಸ ಮಾಡೀತೇ ಎಂದು ಅನುಮಾನಿಸುವವರಿಗೆ: 1971ರ ಬಾಂಗ್ಲಾ ಯುದ್ಧದ ಹೊತ್ತಿನಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ, ರಕ್ತನಾಳಕ್ಕೆ ಕೊಡುವ ಸಲೈನ್ ಮುಗಿದುಹೋಯಿತು. ಡಾ. ದಿಲೀಪ್ ಮಹಲನಬಿಸ್ ಗ್ಲೂಕೋಸ್, ಉಪ್ಪು, ಅಡುಗೆ ಸೋಡಾ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿಟ್ಟು ರೋಗಿಗಳ ಮನೆಯವರ ಕೈಯಲ್ಲೇ ಕುಡಿಸಿದರು. ನೂರಕ್ಕೆ ಮೂವತ್ತರ ಹತ್ತಿರವಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. 2023ರಲ್ಲಿ, ಅವರು ತೀರಿಕೊಂಡ ಮೇಲೆ, ಪದ್ಮವಿಭೂಷಣ ಬಂತು.

ಊರಿನ ಮೆಡಿಕಲ್ ಶಾಪಿನಿಂದ "ಲೂಸ್ ಮೋಷನ್" ಗುಳಿಗೆ ಕಟ್ಟಿಕೊಟ್ಟಿದ್ದೇವೆ.

ದಯವಿಟ್ಟು ಕೊಡಬೇಡಿ. ಅದರಲ್ಲಿ ಸಾಮಾನ್ಯವಾಗಿ ಎರಡು ಬಗೆ. ಲೊಪೆರಮೈಡ್ ಕರುಳಿನ ಓಟವನ್ನು ನಿಲ್ಲಿಸುತ್ತದೆ. ಜ್ವರ ಅಥವಾ ರಕ್ತ ಇದ್ದಾಗ ಹೊರಗೆ ಹೋಗಬೇಕಾದ ವಿಷವನ್ನು ಒಳಗೇ ಕೂಡಿಹಾಕಿದಂತೆ. ಇನ್ನೊಂದು ಬಗೆ ಆ್ಯಂಟಿಬಯಾಟಿಕ್. ವೈರಸ್ಸಿಗೆ ಅದು ನಾಟುವುದಿಲ್ಲ, ಶಿಗೆಲ್ಲಾ ಅವುಗಳಲ್ಲಿ ಹಲವನ್ನು ಈಗಾಗಲೇ ಜೀರ್ಣಿಸಿಕೊಂಡಿದೆ. ಎರಡು ಗುಳಿಗೆ ನುಂಗಿ ಭೇದಿ ಕಡಿಮೆಯಾಯಿತೆಂದು ಬಿಟ್ಟವನ ಮಲ ಪರೀಕ್ಷೆಯಲ್ಲಿ ರೋಗಾಣು ಸಿಗುವುದೂ ಕಷ್ಟ.

ಯಾವಾಗ ಒಂದು ಗಂಟೆಯೂ ಕಾಯಬಾರದು?

ಮಲದಲ್ಲಿ ರಕ್ತ, ಅಕ್ಕಿ ತೊಳೆದ ನೀರಿನಂತೆ ಧಾರೆಯಾಗಿ ಭೇದಿ, ಕುಡಿದದ್ದೆಲ್ಲ ವಾಂತಿ, ಆರೆಂಟು ಗಂಟೆಯಿಂದ ಮೂತ್ರವಿಲ್ಲ ಅಥವಾ ಚಹಾ ಡಿಕಾಕ್ಷನ್ ಬಣ್ಣದ ಮೂತ್ರ, ನಿಂತರೆ ಕಣ್ಣು ಕತ್ತಲೆ, ಅರ್ಥವಿಲ್ಲದ ಮಾತು. ಹೊಕ್ಕುಳ ಸುತ್ತ ಶುರುವಾದ ನೋವು ಬಲಗಡೆ ಕೆಳಹೊಟ್ಟೆಗೆ ಇಳಿದು ನಿಂತರೆ ಅದು ಅಪೆಂಡಿಕ್ಸ್ ಇರಬಹುದು, "ಗ್ಯಾಸ್" ಎಂದು ಜೀರಿಗೆ ನೀರು ಕುಡಿಸಬೇಡಿ. ಭೇದಿಯಿಲ್ಲದೆ ದಿನೇ ದಿನೇ ಏರುವ ಜ್ವರ, ತಲೆನೋವು, ನಾಲಿಗೆಯ ಮೇಲೆ ಬಿಳಿ ಪದರವಿದ್ದರೆ ಟೈಫಾಯ್ಡ್ ನೆನಪಾಗಬೇಕು.

ಟೈಫಾಯ್ಡ್ ಚುಚ್ಚುಮದ್ದು ಆಗಿದೆಯಲ್ಲ?

ಒಳ್ಳೆಯದು, ಆದರೆ ಅದು ಪೂರ್ತಿ ಕವಚವಲ್ಲ. ಸಾಮಾನ್ಯವಾಗಿ ಕೊಡುವ ವಿಐ ಲಸಿಕೆಯ ರಕ್ಷಣೆ ಮೂರು ವರ್ಷದ ಆಸುಪಾಸು, ಅದೂ ಎಲ್ಲರಿಗೂ ಅಲ್ಲ. ಶಿಗೆಲ್ಲಾ, ನೊರೊವೈರಸ್ಸುಗಳಿಗೆ ಅದು ಸಂಬಂಧವೇ ಇಲ್ಲ.

ಭೇದಿಯಲ್ಲ, ನಾಲ್ಕು ದಿನದಿಂದ ಹೋಗಿಯೇ ಇಲ್ಲ.

ಇದೂ ಕ್ಯಾಂಪಿನ ಕಾಯಿಲೆಯೇ, ಯಾರೂ ಮಾತಾಡುವುದಿಲ್ಲ. ಬೆಳಗಿನ ನಾಲ್ಕೂವರೆಗೆ ಸಾಲಿನಲ್ಲಿ ನಿಂತು, ಮರೆಯಿಲ್ಲದ ಗುಂಡಿಯ ಮೇಲೆ, ಹಿಂದೆ ಹತ್ತು ಜನ "ಜಲ್ದಿ" ಎನ್ನುವಾಗ ಯಾರಿಗೆ ತಾನೇ ಆದೀತು? ನಾಚಿಕೆಗೆ ತಡೆದುಕೊಳ್ಳುತ್ತಾರೆ, ರಾತ್ರಿ ಏಳಬೇಕಾಗುತ್ತದೆಂದು ನೀರು ಕುಡಿಯುವುದಿಲ್ಲ, ಒಣ ರೇಷನ್ನಿನಲ್ಲಿ ನಾರಿಲ್ಲ. ಮುದ್ದೆ, ಸೊಪ್ಪು, ಮಜ್ಜಿಗೆಯಲ್ಲಿ ಬೆಳೆದ ಕರುಳಿಗೆ ಪೂರಿಯ ಹೊಂದಾಣಿಕೆಗೆ ವಾರ ಹಿಡಿಯುತ್ತದೆ. ನೀರು ಹೆಚ್ಚಿಸಿ, ಸಿಕ್ಕಿದ ಹಣ್ಣು ಬಿಡಬೇಡಿ, ಬಂದಾಗ ತಡೆಯಬೇಡಿ. ಗುಂಡಿಗೆ ಗೋಣಿತಾಟಿನ ಮರೆ ಕಟ್ಟುವುದು ಐಷಾರಾಮವಲ್ಲ ಎಂದು ಕ್ಯಾಂಪ್ ನಡೆಸುವವರೂ ತಿಳಿಯಬೇಕು.

ಮೊಣಕಾಲು ನೋವಿಗೆ ಗುಳಿಗೆ ತಿನ್ನುತ್ತಿದ್ದಾನೆ, ಈಗ ಎದೆಯುರಿ.

ಡಿಕ್ಲೊಫೆನಾಕ್, ಐಬುಪ್ರೊಫೆನ್ ಖಾಲಿ ಹೊಟ್ಟೆಗೆ ತಿಂದರೆ ಜಠರದ ಒಳಪೊರೆ ಸವೆಯುತ್ತದೆ. ಮಲ ಟಾರಿನಂತೆ ಕಪ್ಪಗಾದರೆ ಒಳಗೆ ರಕ್ತ ಸುರಿಯುತ್ತಿದೆ, ಕೂಡಲೇ ವೈದ್ಯರು. ಭೇದಿಯ ಸಮಯದಲ್ಲಿ ಇವೇ ಗುಳಿಗೆಗಳು ಮೂತ್ರಪಿಂಡಕ್ಕೂ ಏಟು ಕೊಡುತ್ತವೆ.

ಮನೆಯಿಂದ ತಿಂಡಿ ಕಳಿಸಬಹುದೇ?

ತರಬೇತಿ ಕೇಂದ್ರದ ಅನುಮತಿಯಿದ್ದರೆ ಚಕ್ಕುಲಿ, ನಿಪ್ಪಟ್ಟು, ಹುರಿಗಡಲೆ ಉಂಡೆ, ಚಟ್ನಿಪುಡಿ. ಒಣಗಿದ್ದು ಕೆಡುವುದಿಲ್ಲ. ಕಾಯಿ ಹೋಳಿಗೆ, ಖೋವಾ, ಮೊಸರನ್ನ ಬೇಡ. ಬಸ್ಸಿನಲ್ಲಿ ಒಂದು ಹಗಲು ಕಳೆದ ಕಾಯಿ ಹೋಳಿಗೆ ಅಮ್ಮನ ಪ್ರೀತಿಯಾಗಿ ಉಳಿದಿರುವುದಿಲ್ಲ. ಕೆಡದ ಊಟ ಮಾಡುವುದೇ ಒಂದು ವಿದ್ಯೆ. 1961ರಲ್ಲಿ ಮೈಸೂರಿನಲ್ಲಿ ಶುರುವಾದ ರಕ್ಷಣಾ ಆಹಾರ ಸಂಶೋಧನಾಲಯ ಸೈನಿಕರಿಗಾಗಿ ತಿಂಗಳುಗಟ್ಟಲೆ ಉಳಿಯುವ ಚಪಾತಿ, ಪೊಟ್ಟಣದಲ್ಲೇ ಬೇಯಿಸಿ ಮುಚ್ಚಿದ ಪಲಾವು ಎಲ್ಲ ಮಾಡಿದ್ದು ಇದೇ ತಲೆನೋವಿಗೆ. ಅಂಥ ಪೊಟ್ಟಣ ಒಮ್ಮೆ ಹರಿದರೆ ಮಾತ್ರ ಅದೂ ಮಾಮೂಲಿ ಊಟವೇ. ಬೆಳಿಗ್ಗೆ ಅರ್ಧ ತಿಂದು ಸಂಜೆಗೆ ಇಟ್ಟುಕೊಳ್ಳಬೇಡಿ.

ವಾಸಿಯಾಗಿ ತಿಂಗಳಾಯಿತು, ಹಾಲು ಕುಡಿದರೆ ಮತ್ತೆ ಗುಡುಗುಡು.

ಭೇದಿ ಕರುಳಿನ ಒಳಪದರವನ್ನು ಕೆರೆದುಹಾಕಿರುತ್ತದೆ, ಹಾಲಿನ ಸಕ್ಕರೆ ಅರಗಿಸುವ ಕಿಣ್ವ ಆ ಪದರದಲ್ಲೇ ಇರುವುದು. ಕೆಲವು ವಾರ ಹಾಲು ಬಿಟ್ಟು ಮೊಸರು, ಮಜ್ಜಿಗೆ ಕುಡಿಯಲಿ. ಕರುಳಿನ ಸೋಂಕಾದ ಸುಮಾರು ಹತ್ತರಲ್ಲಿ ಒಬ್ಬರಿಗೆ ತಿಂಗಳುಗಟ್ಟಲೆ ಹೊಟ್ಟೆಯ ಕಿರಿಕಿರಿ ಉಳಿಯುವುದುಂಟು. ಆದರೆ ಕೈಕಾಲು ಜೋಮು ಹಿಡಿದು ಬಲಗುಂದಿದರೆ, ಕೀಲು ಊದಿದರೆ ತಡಮಾಡದೆ ತೋರಿಸಿ. ಕ್ಯಾಂಪಿಲೋಬ್ಯಾಕ್ಟರ್ ಮತ್ತು ಶಿಗೆಲ್ಲಾ ಹೋಗುವಾಗ ಅಪರೂಪಕ್ಕೆ ಅಂಥದ್ದನ್ನು ಬಿಟ್ಟುಹೋಗುತ್ತವೆ.

ಹತ್ತು ದಿನದ ಎನ್‌ಸಿಸಿ ಕ್ಯಾಂಪಿಗೆ ಮಗಳು ಹೊರಟಿದ್ದಾಳೆ. ಏನು ಕಟ್ಟಿಕೊಡಲಿ?

ಸೋಪಿನ ಡಬ್ಬಿ ಎರಡು (ಒಂದು ಕಳೆದೇ ಹೋಗುತ್ತದೆ), ಅವಳದೇ ಲೋಟ, ಓಆರ್‌ಎಸ್ ನಾಲ್ಕು ಪೊಟ್ಟಣ, ಉಗುರು ಕತ್ತರಿ, ಟಾರ್ಚು. ಹೊರಡುವ ಹಿಂದಿನ ದಿನ ಮನೆಯಲ್ಲೇ ಭೇದಿಯಿದ್ದರೆ ಕಳಿಸಬೇಡಿ, ಮುಂದಿನ ಕ್ಯಾಂಪಿಗೆ ಹೋಗಲಿ.